ಕೋಡ್‌ಗೆ ಎಂಥ ಅಕ್ಷರ ಬೇಕು?

ಕೋಡ್ ಬರೆಯಲು ಎಲ್ಲ ಅಕ್ಷರಗಳೂ ಒಂದೇ ಅಗಲದ ಫಾಂಟ್ ಬೇಕೆಂಬುದು ಬೆರಳಚ್ಚು ಯಂತ್ರದ ಕಾಲದಿಂದ ಬಂದ ರೂಢಿ. ಯಾವ ಕೀಲಿ ಒತ್ತಿದರೂ ಕಾಗದ ಒಂದೇ ಅಳತೆಯಷ್ಟು ಸರಿಯುತ್ತಿದ್ದ ಆ ಯಂತ್ರಕ್ಕೆ ಬೇರೆ ದಾರಿಯಿರಲಿಲ್ಲ. ಇಂದಿನ ಪರದೆಗೆ ಆ ಕಟ್ಟುಪಾಡಿಲ್ಲ. ಆದರೂ ತಪ್ಪಿದ್ದ ಜಾಗದ ಕೆಳಗೇ ಕಂಪೈಲರ್ ಗುರುತು ಹಾಕಿ ತೋರಿಸಬೇಕಾದರೆ ಅಕ್ಷರಗಳು ಕಂಬಸಾಲಿನಲ್ಲಿ ನಿಲ್ಲಲೇಬೇಕು. ಆದ್ದರಿಂದ ಸಮ ಅಗಲ ಇರಲಿ. ಆದರೆ ಫಾಂಟನ್ನು ಅಳೆಯುವ ಮೊದಲ ಗುಣ ಅದಲ್ಲ, ಒಂದು ಅಕ್ಷರ ಇನ್ನೊಂದರಂತೆ ಕಾಣದಿರುವುದು.

ಪತ್ರಿಕೆಯಲ್ಲಿ ಒಂದು ಒತ್ತು ಬಿದ್ದುಹೋದರೂ ನಾವು ಸರಿಪಡಿಸಿಕೊಂಡೇ ಓದುತ್ತೇವೆ. ಸಂದರ್ಭ ಕೈ ಹಿಡಿಯುತ್ತದೆ. ಕೋಡ್ ಓದುವವನಿಗೆ ಈ ಅಭ್ಯಾಸವೇ ಶತ್ರು. ಅವನು ಹುಡುಕುತ್ತಿರುವುದೇ ಆ ತಪ್ಪನ್ನು. ಸ್ಮಾಲ್ ಎಲ್, ಕ್ಯಾಪಿಟಲ್ ಐ, ಅಂಕಿ 1 ಇವು ಮೂರೂ ಬರೀ ಗೆರೆಗಳಾಗಿ ಕಂಡರೆ ಅವನೇನು ಮಾಡಿಯಾನು? ಜಾವಾದಲ್ಲಿ ದೊಡ್ಡ ಪೂರ್ಣಾಂಕದ ಕೊನೆಗೆ ಸ್ಮಾಲ್ ಎಲ್ ಹಾಕಬಹುದು. ಹಾಗೆ ಬರೆದ ಹತ್ತು ನೂರಾ ಒಂದರಂತೆ ಕಾಣುತ್ತದೆ. ಕ್ಯಾಪಿಟಲ್ ಬಳಸಿ ಎಂದು ಆ ಭಾಷೆಯ ಅಧಿಕೃತ ವಿವರಣೆಯೇ ಹೇಳುತ್ತದೆ. ಸ್ಮಾಲ್ ಎಲ್, ಕ್ಯಾಪಿಟಲ್ ಓ, ಕ್ಯಾಪಿಟಲ್ ಐಗಳನ್ನು ಒಂಟಿಯಾಗಿ ಹೆಸರಿಗೆ ಬಳಸಬೇಡಿ ಎನ್ನುತ್ತದೆ ಪೈಥಾನ್‌ನ ಶೈಲಿ ಕೈಪಿಡಿ. ಫಾಂಟ್ ಮಾಡಬೇಕಾದ ಕೆಲಸವನ್ನು ಭಾಷೆಗಳು ಹೊತ್ತುಕೊಂಡಿವೆ.

1950ರ ದಶಕದಲ್ಲಿ ಐಬಿಎಂ ಬೆರಳಚ್ಚು ಯಂತ್ರಗಳಿಗಾಗಿ ಹೊವರ್ಡ್ ಕೆಟ್ಲರ್ ರೂಪಿಸಿದ ಕೊರಿಯರ್ ಫಾಂಟ್ ಕಾಗದದ ಮೇಲೆ ಚೆಂದ. ಆದರೆ ಅದರ ಸೊನ್ನೆಯೂ ಓ ಅಕ್ಷರವೂ ಅಣ್ಣತಮ್ಮಂದಿರು. ಕನ್ಸೋಲಾಸ್, 2020ರಲ್ಲಿ ಬಂದ ಜೆಟ್‌ಬ್ರೇನ್ಸ್ ಮೋನೊ ಇವುಗಳಲ್ಲಿ ಸೊನ್ನೆಯ ಹೊಟ್ಟೆಯೊಳಗೆ ಗುರುತಿದೆ. ನನ್ನ ಮತ ಇಂಥವಕ್ಕೆ. ಫಿರಾ ಕೋಡ್‌ನಂಥವು ಆಶ್ಚರ್ಯಸೂಚಕ ಮತ್ತು ಸಮಚಿಹ್ನೆಯನ್ನು ಬೆಸೆದು ಒಂದೇ ಚಿಹ್ನೆಯಾಗಿ ತೋರಿಸುತ್ತವೆ. ನೋಡಲು ಸೊಗಸು, ಹೊಸದಾಗಿ ಕಲಿಯುವವರಿಗೆ ಗೊಂದಲ. ಒತ್ತಿದ ಎರಡು ಕೀಲಿ ಎರಡಾಗಿಯೇ ಕಾಣಲಿ.

ಕನ್ನಡಕ್ಕೂ ಈ ತೊಡಕಿದೆ. ಪೈಥಾನ್‌ನಲ್ಲಿ ಕನ್ನಡದ ಹೆಸರುಗಳನ್ನೇ ಇಡಬಹುದು. ಆದರೆ 'ಅಂಕ' ಎನ್ನುವಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಸೇರಿದರೆ ನಮ್ಮ ಕಣ್ಣಿಗೆ ಅದೇ ಪದ, ಕಂಪ್ಯೂಟರಿಗೆ ಬೇರೆಯೇ ಹೆಸರು. ಇಲ್ಲಿ ಸಮ ಅಗಲದಿಂದ ಏನೂ ಸಾಧಿಸಿದಂತಾಗದು. 'ಸ್ತ್ರೀ'ಯನ್ನು 'ದ'ದ ಅಗಲಕ್ಕೆ ಹಿಂಡಿದರೆ ಎರಡೂ ಕೆಡುತ್ತವೆ.

ಫಾಂಟ್ ಆರಿಸುವ ಮುನ್ನ ಈ ಜೋಡಿಗಳನ್ನೆಲ್ಲ ಟೈಪ್ ಮಾಡಿ, ನೀವು ದಿನವೂ ಕೋಡ್ ಓದುವ ಗಾತ್ರದಲ್ಲೇ ನೋಡಿ. ಬೇರೆಬೇರೆಯಾಗಿ ಕಾಣದಿದ್ದರೆ ಎಷ್ಟೇ ಚೆಂದವಿದ್ದರೂ ಅದನ್ನು ಬಿಟ್ಟುಬಿಡಿ.