ಡಬ್ಬಿ ಮ್ಯಾಲೆ ಏನು ಬರದಾರ, ಓದ್ರಿ

ಅಕ್ಕಾರ, ತಂಗೇರ, ಈ ಸಲ ಅಡುಗಿ ಮಾತಿಲ್ಲ.

ಹೋದ ತಿಂಗಳು ನನ್ನ ತಂಗಿ ಮಗ ನಮ್ಮನಿಗೆ ಬಂದಿದ್ದ. ಡಿಗ್ರಿ ಓದತಾನ, ದಿನಾ ಜಿಮ್ಮಿಗೆ ಹೋಗತಾನ. ಒಗಿಯಾಕಂತ ಅವನ ಬ್ಯಾಗಿನಾಗಿನ ಬಟ್ಟಿ ತೆಗದ್ರ ಒಂದು ಸಣ್ಣ ಡಬ್ಬಿ ಸಿಕ್ತು. ನನಗ ಬರೋ ಪಿಯುಸಿ ಇಂಗ್ಲಿಷ್‌ನಾಗ ಕೂಡಿಸಿ ಕೂಡಿಸಿ ಓದಿದೆ. ಹೆಸರು ಆಸ್ಟರಿನ್. ಕೆಳಗ ಸಣ್ಣ ಅಕ್ಷರದಾಗ, ಸಂಶೋಧನೆಗೆ ಮಾತ್ರ, ಮನುಷ್ಯರು ಸೇವಿಸಬಾರದು ಅಂತ ಐತಿ!

"ಏನೋ ಇದು?" ಅಂದೆ.

"ಪ್ರೋಟೀನ್ ಇದ್ದಂಗ ದೊಡ್ಡವ್ವ, ಜಿಮ್ಮಿನಾಗ ಎಲ್ಲಾರೂ ತಗೋತಾರ" ಅಂದ.

ಪ್ರೋಟೀನ್ ಅಲ್ಲ ಅದು. ಪ್ರೋಟೀನ್ ಬ್ಯಾಳಿ, ಶೇಂಗಾ, ತತ್ತಿ, ಹಾಲಿನಾಗ ಇರತೈತಿ. ಇದು ಸಾರ್ಮ್ ಅನ್ನೋ ಜಾತಿ ಔಷಧ. ಕ್ಯಾನ್ಸರ್‌ನಿಂದ ಸೊರಗಿದವರಿಗೆ ಖಂಡ ತುಂಬತೈತೇನು ಅಂತ ಪ್ರಯೋಗ ಮಾಡಿದ್ದು. ಗಂಡಸರ ಹಾರ್ಮೋನು ಮಾಡೋ ಕೆಲಸ ಇದು ಮಾಡತೈತಿ, ಸ್ನಾಯು ಉಬ್ಬತಾವು. ಆದ್ರ ಮೈ ತಾನಾಗೇ ಮಾಡಿಕೊಳ್ಳೋ ಹಾರ್ಮೋನು ತಗ್ಗತೈತಿ. ಅಮೆರಿಕದ ಎಫ್‌ಡಿಎ ಇಂಥ ಒಂದಕ್ಕೂ ಒಪ್ಪಿಗಿ ಕೊಟ್ಟಿಲ್ಲ. ಲಿವರ್ ಕೆಡತೈತಿ, ಹಾರ್ಟ್ ಅಟ್ಯಾಕ್, ಲಕ್ವಾದ ಅಪಾಯ ಹೆಚ್ಚತೈತಿ ಅಂತ 2017ರಾಗೇ ಎಚ್ಚರಿಸೇತಿ. ಅದೇ ವರ್ಷ ಇಂಟರ್ನೆಟ್‌ನಾಗ ಸಾರ್ಮ್ ಅಂತ ಮಾರೋ 44 ಡಬ್ಬಿ ಪರೀಕ್ಷೆ ಮಾಡಿದ ವರದಿ ಬಂತು. ಮ್ಯಾಲೆ ಬರದದ್ದೂ ಒಳಗಿದ್ದದ್ದೂ ಹೊಂದಿದ್ದು 18 ಮಾತ್ರ.

ನಮ್ಮ ದಢೇಸುಗೂರಿನ ಕೃಷಿ ಸಂಶೋಧನಾ ಕೇಂದ್ರ ನೋಡೀರಲ್ಲ. ಭತ್ತದ ಹೊಸ ತಳಿ ರೈತರ ಕೈಗೆ ಕೊಡಾಕ ಮೊದಲು ವರ್ಷಾನುಗಟ್ಟಲೆ ಹಚ್ಚಿ ನೋಡತಾರ, ರೋಗ ಬರತೈತೇನು, ಜಳ್ಳಾಗತೈತೇನು ಅಂತ. ಭತ್ತಕ್ಕ ಇಷ್ಟು ಕಾಳಜಿ. ಹೆತ್ತ ಮಗನ ಲಿವರಿಗೆ ಜಿಮ್ಮಿನವನ ಒಂದು ಮಾತು ಸಾಕಾತು.

ದೊಡ್ಡ ಆಟಗಾರರೂ ಇದರಾಗ ಬಿದ್ದಾರ. ನಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಾಗ ಚಿನ್ನ ಗೆದ್ದು ಬಂದ್ರು. ಮರುವರ್ಷ ಪರೀಕ್ಷೆಯಾಗ ಸ್ಟೆರಾಯ್ಡ್ ಸಿಕ್ತು. ಕೋಚ್ ಕೊಟ್ಟ ಜಿನ್ಸೆಂಗ್‌ನಾಗ ಇತ್ತು, ನಮಗ ಗೊತ್ತಿರಲಿಲ್ಲ ಅಂದ್ರೂ ಎರಡು ವರ್ಷ ನಿಷೇಧ ಆತು. ಒಡಿಶಾದ ದ್ಯುತಿ ಚಂದ್ ಅವರ ಸ್ಯಾಂಪಲ್‌ನಾಗ 2022ರಾಗ ಸಿಕ್ಕದ್ದು ಇವೇ ಸಾರ್ಮ್‌ಗಳು. ಅವರಿಗೆ ನಾಲ್ಕು ವರ್ಷ. ಅವರನ್ನ ಪರೀಕ್ಷೆ ಮಾಡೋರಾದ್ರೂ ಇದ್ರು. ನಮ್ಮ ಹುಡುಗರನ್ನ ಯಾರು ಮಾಡತಾರ?

ನಾವೇ ಕೇಳಬೇಕು. ನಮ್ಮ ತಪ್ಪೂ ಐತ್ರೆವ್ವಾ. ಮಗಳು ಹತ್ತು ನಿಮಿಷ ತಡ ಮಾಡಿದ್ರ ನೂರು ಪ್ರಶ್ನೆ. ಮಗ ತೋಳು ಉಬ್ಬಿಸಿ ನಿಂತ್ರ ದೃಷ್ಟಿ ತೆಗೀತೀವಿ, ಏನು ನುಂಗಿದಿ ಅಂತ ಕೇಳಂಗಿಲ್ಲ. ನಾನೂ ಹಂಗೇ ಮಾಡೀನಿ, ಯುಗಾದಿಗೆ ಬಂದಾಗ ಉಪ್ಪು ಮೆಣಸಿನಕಾಯಿ ಇಳಿ ತೆಗದೀನಿ. ಕಣ್ಣು ಹಳದಿ ಆದ್ರ, ಮೂತ್ರ ಕಪ್ಪಗಾದ್ರ, ಮೈ ತುರಿಸಿದ್ರ ದವಾಖಾನಿಗೆ ಕರಕೊಂಡು ಹೋಗ್ರಿ. ಡಬ್ಬಿನೂ ಒಯ್ರಿ, ಮುಚ್ಚಿಡಬ್ಯಾಡ್ರಿ.

ತಂಗಿಗೆ ಹೇಳಿದ್ದಕ್ಕ ಹುಡುಗ ಸಿಟ್ಟಾಗ್ಯಾನ, ನನ್ನ ಫೋನ್ ಎತ್ತಂಗಿಲ್ಲ. ನಿನ್ನೆ ಆಕಿ ಅವನನ್ನ ಸಿಂಧನೂರಿಗೆ ಕರಕೊಂಡು ಹೋಗಿ ಲಿವರ್ ಪರೀಕ್ಷೆಗೆ ರಕ್ತ ಕೊಡಿಸ್ಯಾಳ. ರಿಪೋರ್ಟ್ ಇನ್ನೂ ಬಂದಿಲ್ಲ.