ೞಕಾರದ ಸಂಖ್ಯೆಯೂ ಅದರ ತಪ್ಪು ಹೆಸರೂ

ಕನ್ನಡದ ತಿರುಳಿನ ನಾಡಿಗೆ ಮೇರೆಯಾಗಿ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ. ಅದರ ನೆರೆಯ ಬೆಳ್ಳಟ್ಟಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆ ನಾಲ್ಕರಲ್ಲಿ ಇನ್ನೊಂದಾದ ಪಟ್ಟದಕಲ್ಲಿನ ಅಂದಿನ ಹೆಸರು ಕಿಸುವೊೞಲ್. ಈ ಹೆಸರಿನೊಳಗಿರುವ ೞ ಎಂಬ ಅಕ್ಷರಕ್ಕೆ ಗಣಕಯಂತ್ರದಲ್ಲಿ ಒದಗಿರುವ ಗತಿಯೇ ಈ ಲೇಖನದ ವಿಷಯ.

ಯುನಿಕೋಡ್ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನೂ ಒಂದು ಹೆಸರನ್ನೂ ಕೊಡುತ್ತದೆ. ದಶಮಾನದಲ್ಲಿ ಹೇಳುವುದಾದರೆ ಳಕಾರದ ಸಂಖ್ಯೆ 3251, ವಕಾರದ್ದು 3253. ನಡುವಣ 3252 ಖಾಲಿಯಾಗಿದೆ. ತಮಿಳು, ಮಲಯಾಳಗಳಲ್ಲಿ ಇದಕ್ಕೆ ಸಮನಾದ ಮನೆಯಲ್ಲಿ ೞಕಾರವೇ ಇದೆ. ತೆಲುಗಿಗೂ 2014ರಲ್ಲಿ ಅದೇ ಮನೆ ದೊರೆಯಿತು. ನಮ್ಮ ೞ ಮಾತ್ರ ದೂರದ 3294ರಲ್ಲಿ ‘ಕನ್ನಡ ಲೆಟರ್ ಫ಼’ ಎಂಬ ಹೆಸರು ಹೊತ್ತು ನಿಂತಿದೆ. ನಾಗರಿಯ ಪಟ್ಟಿಯಲ್ಲಿ ಆ ಮನೆ ಚುಕ್ಕೆಯಿಟ್ಟ ಫಕಾರದ್ದು. ಆಕೃತಿ ನಮ್ಮದು, ಹೆಸರು ಪರರದು.

ಹೆಸರಿನ ತಪ್ಪು ಮುಂದೆ ಗೊತ್ತಾದರೂ ಅದನ್ನು ಅಳಿಸುವಂತಿರಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡ್ ನಿಯಮ. ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಸೇರಿಸಿ ಕೈ ತೊಳೆದುಕೊಂಡರು. ಇದನ್ನು ಕನ್ನಡಕ್ಕಾದ ಅವಮಾನವೆಂದು ಭಾವಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನಿಯಮ ಸರಿಯಾಗಿಯೇ ಇದೆ. ಇಂದು ಬರೆದಿಟ್ಟ ಗ್ರಂಥವನ್ನು ನೂರು ವರ್ಷಗಳ ಬಳಿಕ ಯಂತ್ರ ಓದಬೇಕಾದರೆ ಸಂಕೇತಗಳು ಅಲುಗಬಾರದು. ಶಾಸನದ ಕಲ್ಲಿನಲ್ಲಿ ಕಂಡರಣೆಗಾರನ ತಪ್ಪು ಹಾಗೆಯೇ ಉಳಿಯುತ್ತದೆ; ತಿದ್ದುಪಡಿಯನ್ನು ನಾವು ಅಡಿಟಿಪ್ಪಣಿಯಲ್ಲಿ ಮಾಡುತ್ತೇವಲ್ಲವೆ?

ಸಂಖ್ಯೆಯ ಸ್ಥಾನ ಮಾತ್ರ ನಿಜವಾದ ತೊಂದರೆಯನ್ನೇ ತಂದೊಡ್ಡುತ್ತದೆ. ಭಾರತೀಯ ಲಿಪಿಗಳ ಪಟ್ಟಿಗಳು ಸಮಾಂತರವಾಗಿರುವುದರಿಂದ ಅಂತರವನ್ನು ಕೂಡಿ ಕಳೆದು ಲಿಪ್ಯಂತರ ಮಾಡುವ ಸರಳ ತಂತ್ರಾಂಶಗಳನ್ನು ಬರೆಯಬಹುದು. ಕನ್ನಡದಿಂದ ನಾಗರಿಗೆ ಆ ಅಂತರ 896. ಹೀಗೆ ಕಳೆದರೆ ‘ಬಾೞ್’ ಎಂಬುದು ನಾಗರಿಯಲ್ಲಿ ‘ಬಾಫ಼್’ ಆಗುತ್ತದೆ! ಸಂಖ್ಯಾಕ್ರಮವನ್ನೇ ನಂಬಿ ಅಕಾರಾದಿ ಮಾಡಿದರೆ ೞಕಾರವು ಹಕಾರವನ್ನೂ ದಾಟಿ ಹೋಗಿ ಬೀಳುತ್ತದೆ. ಇವು ಜಾಣ ತಂತ್ರಾಂಶ ಬರೆದರೆ ಪರಿಹಾರವಾಗುವ ತೊಂದರೆಗಳು.

ಪರಿಹಾರವಿಲ್ಲದ ನಷ್ಟವನ್ನು ಮಾಡುತ್ತಿರುವವರು ನಾವೇ. ಇತ್ತೀಚೆಗೆ ಸಂಶೋಧನ ವಿದ್ಯಾರ್ಥಿಯೊಬ್ಬರು ಹಳಗನ್ನಡ ಕಾವ್ಯವೊಂದರ ಗಣಕೀಕೃತ ಪಾಠದಿಂದ ತೆಗೆದ ಪದಸೂಚಿಯನ್ನು ತೋರಿಸಿದರು. ಅದರಲ್ಲಿ ‘ಬಾಳ್’ ಎಂಬುದು ಒಂದೇ ನಮೂದು. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಪಾಠವನ್ನು ಊಡಿಸಿದವರು ಎಲ್ಲ ೞಕಾರಗಳನ್ನೂ ಳ ಎಂದು ಒತ್ತಿದ್ದರು. ಬದುಕೂ ಕತ್ತಿಯೂ ಒಂದೇ ಸಾಲಿನಲ್ಲಿ ಎಣಿಕೆಯಾಗಿದ್ದವು. ಆ ಪಟ್ಟಿಯಿಂದ ಯಾವ ನಿರ್ಣಯಕ್ಕೆ ಬರಬಹುದು?

ಳ, ೞಗಳ ಈ ಭೇದ ಕೇಶಿರಾಜನ ಕಾಲಕ್ಕೇ, ಅಂದರೆ ಸುಮಾರು 1260ರ ಹೊತ್ತಿಗೇ, ಆಡುಮಾತಿನಿಂದ ಮರೆಯಾಗಿತ್ತು. ಆದುದರಿಂದಲೇ ಆ ಜೈನ ವೈಯಾಕರಣನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳೆಂದು ಮೂರನ್ನು ಬೇರ್ಪಡಿಸಿ ರೞದ ಶಬ್ದಗಳನ್ನು ಎಣಿಸಿಕೊಡುವ ಶ್ರಮ ವಹಿಸಿದ. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿದ ಕಿಟೆಲ್ 1894ರ ತನ್ನ ನಿಘಂಟಿನಲ್ಲಿಯೂ ಈ ಅಕ್ಷರವನ್ನು ಕೈಬಿಡಲಿಲ್ಲ. ಎೞ್ದು ಎಂಬುದು ಎರ್ದು ಆಗಿ ಎದ್ದು ಆದ ಬಗೆ, ಕೞ್ತೆಯು ಕತ್ತೆಯಾದ ಬಗೆ ನಮಗೆ ತಿಳಿಯುವುದು ಈ ಅಕ್ಷರ ಬರಹದಲ್ಲಿ ಉಳಿದುದರಿಂದ. ತೇದಿಯಿಲ್ಲದ ಶಾಸನದಲ್ಲಿ ೞಕಾರ ಎಲ್ಲಿ ನಿಂತಿದೆ, ಎಲ್ಲಿ ಳ ಆಗಿದೆ ಎಂಬುದು ಕಾಲನಿರ್ಣಯದ ಆಧಾರಗಳಲ್ಲೊಂದು.

ಉಚ್ಚಾರವಿಲ್ಲದ ಅಕ್ಷರ ಏಕೆ ಎನ್ನುವವರು ಇಥಿಯೋಪಿಯದತ್ತ ನೋಡಬಹುದು. ಅಲ್ಲಿನ ಗೀಜ಼್ ಲಿಪಿಯಲ್ಲಿ ಹಕಾರಕ್ಕೆ ಹಲವು ಅಕ್ಷರಗಳಿವೆ; ಅಮ್ಹಾರಿಕ್ ಮಾತಿನಲ್ಲಿ ಅವುಗಳ ಭೇದ ಅಳಿದಿದ್ದರೂ 1999ರಲ್ಲಿ ಆ ಲಿಪಿ ಯುನಿಕೋಡ್ ಸೇರಿದಾಗ ಯಾವೊಂದನ್ನೂ ಬಿಡಲಿಲ್ಲ. ಅಲ್ಲಿನ ಗುರಾಗೆ ನುಡಿಗಳಿಗೆ ಬೇಕಾದ ಹೊಸ ಅಕ್ಷರಗಳು ಬಂದ 2021ರ ಆವೃತ್ತಿಯಲ್ಲಿಯೇ ನಮ್ಮ ಹಳೆಯ ಬರಹದ ನಕಾರಪೊಲ್ಲು ಕೂಡ ಬಂದಿತು. ಕೇಳಿದವರಿಗೆ ಬಾಗಿಲು ತೆರೆದಿದೆ.

ವಿದ್ಯಾರ್ಥಿಗಳಿಗೆ ಓದಲು ಕಷ್ಟವೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ೞವನ್ನು ಳ ಆಗಿ ತೋರಿಸಲು ಯಂತ್ರಕ್ಕೆ ಕ್ಷಣವೂ ಬೇಡ. ಳ ಎಂದು ಊಡಿಸಿದ್ದನ್ನು ಮರಳಿ ೞ ಮಾಡಲು ಯಂತ್ರಕ್ಕೆ ದಾರಿಯಿಲ್ಲ. ಪದ ಪದಕ್ಕೂ ಅರ್ಥ ಬಲ್ಲ ವಿದ್ವಾಂಸರೇ ಬೇಕು. ಆದ್ದರಿಂದ ಹಳಗನ್ನಡದ ಪಾಠವನ್ನು ಊಡಿಸುವವರು ಮೂಲದಲ್ಲಿದ್ದಂತೆ ೞ, ಱಗಳನ್ನು ಇಟ್ಟು, ಸುಲಭಪಾಠ ಬೇಕೆಂದವರಿಗೆ ಅದರಿಂದಲೇ ಬೇರೊಂದು ಪ್ರತಿಯನ್ನು ತೆಗೆದುಕೊಡಲಿ. ಪದಸೂಚಿ ತಂದ ಆ ವಿದ್ಯಾರ್ಥಿ ಈಗ ಮುದ್ರಿತ ಆವೃತ್ತಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಳಕಾರವನ್ನು ತಿದ್ದುತ್ತಿದ್ದಾರೆ.