ಒಳ್ಳೆಯ ಪ್ರಶ್ನೆ ನಮ್ಮ ಮಕ್ಕಳ ಹಕ್ಕು: ಮೂರು ತಾಲ್ಲೂಕುಗಳ ಗುರುಗಳಲ್ಲಿ ಒಂದು ಮನವಿ

ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಪದವಿ ಕಾಲೇಜುಗಳ ಗುರುಗಳೇ, ಪ್ರಾಚಾರ್ಯರೇ, ಮಕ್ಕಳನ್ನು ಕಾಲೇಜಿಗೆ ಕಳಿಸುವ ತಾಯಿ-ತಂದೆಯರೇ,

ಭೀಮಾ ದಂಡೆಯ ಮಣ್ಣೂರಿನಿಂದ ಈ ಮನವಿ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಇಷ್ಟೇ: ಈ ಸೆಮಿಸ್ಟರಿನಿಂದ ತರಗತಿಯ ಕಿರುಪರೀಕ್ಷೆಗೆ ಹಾಕುವ ಪ್ರತಿ ಬಹು ಆಯ್ಕೆ ಪ್ರಶ್ನೆಯನ್ನು ಕನ್ನಡದಲ್ಲೇ ಯೋಚಿಸಿ ಬರೆಯಿರಿ. ಬರೆದದ್ದನ್ನು ಇನ್ನೊಬ್ಬ ಅಧ್ಯಾಪಕರಿಂದ ಓದಿಸಿ. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಯಾವ ಆಯ್ಕೆಗೆ ಗುರುತು ಹಾಕಿದರೆಂದು ಎಣಿಸಿ ನೋಡಿ. ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತ ಪ್ರಶ್ನೆಗಳನ್ನು ಮೂರೂ ತಾಲ್ಲೂಕಿನ ಕಾಲೇಜುಗಳು ಹಂಚಿಕೊಳ್ಳಲಿ.

ಇದು ಸಣ್ಣ ವಿಷಯವೆಂದು ದಯವಿಟ್ಟು ತಳ್ಳಿಹಾಕಬೇಡಿ. ನಮ್ಮ ಮಕ್ಕಳ ಮುಂದಿನ ಬದುಕಿನ ಹೆಚ್ಚಿನ ಬಾಗಿಲುಗಳಿಗೆ ಈಗ ನಾಲ್ಕು ಆಯ್ಕೆಗಳ ಪ್ರಶ್ನೆಯೇ ಕಾವಲು. ದ್ವಿತೀಯ ಪಿಯುಸಿಯಲ್ಲಿ ಅದೇ, ಸಿಇಟಿಯಲ್ಲಿ ಅದೇ, ನೀಟ್‌ನಲ್ಲಿ ಅದೇ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಲು ಬರೆಯುವ ಸಿಯುಇಟಿಯಲ್ಲೂ ಅದೇ. ಪದವಿ ಮುಗಿಸಿ ಕೆಪಿಎಸ್‌ಸಿ ಬರೆದರೂ, ಅಧ್ಯಾಪಕರಾಗಲು ಕೆ-ಸೆಟ್ ಬರೆದರೂ ಒಎಂಆರ್ ಹಾಳೆಯ ವೃತ್ತಗಳನ್ನು ತುಂಬಲೇಬೇಕು. ಹೀಗಿರುವಾಗ ಪ್ರಶ್ನೆಯೇ ಕೆಟ್ಟದ್ದಾದರೆ ಏನಾಗುತ್ತದೆ ಎಂಬುದನ್ನು 2024 ಒಂದೇ ವರ್ಷ ಮೂರು ಸಲ ತೋರಿಸಿತು.

ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದಲ್ಲೇ ಇಲ್ಲದ ಪ್ರಶ್ನೆಗಳು ಬಂದವು. ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅವುಗಳಿಗಾಗಿ ಮಕ್ಕಳು ಕಳೆದುಕೊಂಡ ಹೊತ್ತನ್ನು ಯಾರೂ ಹಿಂದಿರುಗಿಸಲಿಲ್ಲ. ನೀಟ್‌ನಲ್ಲಿ ಪರಮಾಣುವಿನ ಬಗೆಗಿನ ಒಂದು ಪ್ರಶ್ನೆಗೆ ಹಳೆಯ ಪಠ್ಯಪುಸ್ತಕದ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು ಉತ್ತರ ಎಂದಾಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ಮೂವರು ತಜ್ಞರನ್ನು ಕೇಳಬೇಕಾಯಿತು. ಸರಿಯುತ್ತರ ಒಂದೇ ಎಂದು ಅವರು ಹೇಳಿದ ಮೇಲೆ ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳ ಅಂಕ ಇಳಿಯಿತು. ಇನ್ನು ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ. ಆಗಸ್ಟ್ 27ರಂದು ನಡೆದ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದ ದೋಷದಿಂದ ಅರ್ಥಗೆಟ್ಟಿದ್ದವು. ಮರುಪರೀಕ್ಷೆಗೆ ಮುಖ್ಯಮಂತ್ರಿಯವರೇ ಸೂಚಿಸಿದರು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲೂ ಅದೇ ದೂರು ಎದ್ದಿತು. ಕರ್ನಾಟಕದ ಆಡಳಿತಕ್ಕೆ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡ ಓದಿದವರೇ ಎಡವಿದರು.

ಇಂಥ ತಪ್ಪುಗಳ ಭಾರ ಎಲ್ಲರ ಮೇಲೆ ಒಂದೇ ಸಮ ಬೀಳುವುದಿಲ್ಲ. ಇಂಗ್ಲಿಷ್ ಬಲ್ಲ ಹುಡುಗ ಕನ್ನಡ ಪ್ರಶ್ನೆ ತಿಳಿಯದಿದ್ದರೆ ಪಕ್ಕದ ಇಂಗ್ಲಿಷ್ ಪ್ರಶ್ನೆ ಓದಿಕೊಳ್ಳುತ್ತಾನೆ. ಮಣ್ಣೂರಿನ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿ ಅದೇ ಪ್ರಶ್ನೆಯನ್ನು ಎರಡು, ಮೂರು ಸಲ ಓದಿ, ತನಗೇ ಬುದ್ಧಿ ಸಾಲದೆಂದುಕೊಂಡು ಮುಂದೆ ಹೋಗುತ್ತಾಳೆ. ನೀಟ್‌ನಂಥ ಪರೀಕ್ಷೆಯಲ್ಲಿ ಅನುವಾದದ ಬಗ್ಗೆ ಸಂಶಯ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ನಿಯಮವೂ ಇದೆ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ದೊರೆತಿದೆ, ನಿಜ. ಆದರೆ ಮೀಸಲಾದ ಕುರ್ಚಿಯವರೆಗೆ ನಡೆದು ಹೋಗಲು ಪ್ರಶ್ನೆಪತ್ರಿಕೆಯನ್ನು ದಾಟಲೇಬೇಕಲ್ಲ!

ನಮ್ಮ ಜಿಲ್ಲೆಯ ಹೆಸರು ಪರೀಕ್ಷೆಯ ವಿಷಯದಲ್ಲಿ ರಾಜ್ಯಕ್ಕೆಲ್ಲ ಕೇಳಿಸಿದ್ದು ಬೇರೆ ಕಾರಣಕ್ಕೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಬಯಲಾದದ್ದು ಕಲಬುರಗಿಯ ಕೇಂದ್ರವೊಂದರಿಂದ. 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆಯಲು 2024ರ ಜನವರಿ ಬರಬೇಕಾಯಿತು. ಪ್ರಾಮಾಣಿಕವಾಗಿ ಓದಿದ ನಮ್ಮ ಹುಡುಗರು ಆ ಕಳಂಕವನ್ನು ಸುಮ್ಮನೆ ಹೊತ್ತರು. ಅಕ್ರಮ ತಡೆಯುವುದು ಸರ್ಕಾರದ, ಪೊಲೀಸರ ಕೆಲಸ. ಒಳ್ಳೆಯ ಪ್ರಶ್ನೆ ಬರೆಯುವುದು ಮಾತ್ರ ಗುರುಗಳೇ, ನಿಮ್ಮಿಂದಲೇ ಆಗಬೇಕಾದ ಕೆಲಸ. ಇದೇ ಭಾಗದಿಂದ ರಾಜ್ಯಕ್ಕೆ ಮಾದರಿಯಾಗುವ ಕನ್ನಡ ಪ್ರಶ್ನೆಗಳು ಹೊರಟರೆ ನಮ್ಮ ಹೆಸರಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಬೇಡ.

ಕೆಟ್ಟ ಪ್ರಶ್ನೆ ಹೇಗಿರುತ್ತದೆ? ನಮ್ಮ ನದಿಯನ್ನೇ ತೆಗೆದುಕೊಳ್ಳೋಣ. ‘ಭೀಮಾ ನದಿಯ ಉಗಮಸ್ಥಾನ ಯಾವುದು? ಎ) ತಲಕಾವೇರಿ ಬಿ) ಭೀಮಾಶಂಕರ ಸಿ) ಅಮರಕಂಟಕ ಡಿ) ಮಹಾಬಲೇಶ್ವರ.’ ಭೂಗೋಳದ ಪುಸ್ತಕ ಮುಟ್ಟದವರೂ ಇದಕ್ಕೆ ಉತ್ತರ ಕೊಡುತ್ತಾರೆ, ನದಿಯ ಹೆಸರು ಉತ್ತರದಲ್ಲೇ ಇದೆ. ತಲಕಾವೇರಿ ಯಾವ ನದಿಯದೆಂದು ಅದರ ಹೆಸರೇ ಹೇಳುತ್ತದೆ. ಇದರ ಬದಲು ಹೀಗೆ ಕೇಳಿ: ಅಫಜಲಪುರ ತಾಲ್ಲೂಕಿನಲ್ಲಿ ಹನಿ ಮಳೆಯಿಲ್ಲದ ದಿನಗಳಲ್ಲೂ ಭೀಮೆ ದಂಡೆ ಮೀರಿ ಹೊಲಕ್ಕೆ ನುಗ್ಗಲು ಮುಖ್ಯ ಕಾರಣವೇನು? ಮಹಾರಾಷ್ಟ್ರದ ಮೇಲ್ದಂಡೆಯಲ್ಲಿ ಸುರಿಯುವ ಮಳೆ, ಉಜನಿ ಜಲಾಶಯದಿಂದ ಬಿಡುವ ನೀರು, ಜಲಾನಯನ ಪ್ರದೇಶ ಎಂಬ ಪರಿಕಲ್ಪನೆ ಇವೆಲ್ಲ ಗೊತ್ತಿದ್ದವರಿಗಷ್ಟೇ ಉತ್ತರ ಸಿಗುತ್ತದೆ.

ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ಕ್ರಿಯಾಪದ ಲಿಂಗ, ವಚನಗಳನ್ನು ಹೊತ್ತುಕೊಂಡೇ ಬರುತ್ತದೆ. ‘ದೆಹಲಿಯ ಸಿಂಹಾಸನವೇರಿ ಆಳಿದಳು’ ಎಂದು ಪ್ರಶ್ನೆ ಮುಗಿಸಿ, ಆಯ್ಕೆಯಲ್ಲಿ ಇಲ್ತಮಷ್, ಬಲ್ಬನ್, ಕುತುಬುದ್ದೀನ್ ಐಬಕ್ ಜೊತೆಗೆ ರಜಿಯಾಳನ್ನು ಇಟ್ಟರೆ ಇತಿಹಾಸ ಓದುವ ಅಗತ್ಯವೇ ಬೀಳದು. ಹಾಗೆಯೇ ‘ಅಲ್ಲ’, ‘ಇಲ್ಲ’ಗಳು ನಮ್ಮ ವಾಕ್ಯದ ಕೊನೆಯಲ್ಲಿ ಬರುತ್ತವೆ. ಮೂರು ಸಾಲಿನ ಪ್ರಶ್ನೆಯ ತುದಿಯಲ್ಲಿ ಬಂದ ‘ಅಲ್ಲ’ವನ್ನು ಅವಸರದಲ್ಲಿ ಓದುವ ಕಣ್ಣು ತಪ್ಪಿಸಿಬಿಡುತ್ತದೆ. ನಿಷೇಧ ಬೇಕೇಬೇಕಾದರೆ ವಾಕ್ಯ ಚಿಕ್ಕದಿರಲಿ, ಆ ಪದ ದಪ್ಪ ಅಕ್ಷರದಲ್ಲಿರಲಿ.

ಹುರುಳಿಲ್ಲದ ಆಯ್ಕೆಗಳಿಂದ ಎಷ್ಟು ನಷ್ಟ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಿಗೆ ಏನೂ ಓದದ ವಿದ್ಯಾರ್ಥಿ ಕಣ್ಣು ಮುಚ್ಚಿ ಗುರುತು ಹಾಕಿದರೆ, ಅರ್ಧಕ್ಕರ್ಧ, ಅಂದರೆ ಹತ್ತೋ ಅದಕ್ಕಿಂತ ಹೆಚ್ಚೋ ಸರಿಯಾಗುವ ಸಂಭವ ನೂರಕ್ಕೆ ಒಂದೂವರೆಗಿಂತ ಕಡಿಮೆ. ಪ್ರತಿ ಪ್ರಶ್ನೆಯಲ್ಲೂ ಎರಡು ಆಯ್ಕೆಗಳು ನೋಡಿದೊಡನೆ ತಪ್ಪೆಂದು ತಿಳಿಯುವಂತಿದ್ದರೆ ಅದೇ ಸಂಭವ ನೂರಕ್ಕೆ ಸುಮಾರು 59ಕ್ಕೆ ಏರುತ್ತದೆ. ಓದಿದವರಿಗೂ ಓದದವರಿಗೂ ಇದ್ದ ಅಂತರ ಪ್ರಶ್ನೆ ಬರೆದವರ ಕೈಯಿಂದಲೇ ಅಳಿಸಿಹೋಗುತ್ತದೆ.

ಆದ್ದರಿಂದ ತಪ್ಪು ಆಯ್ಕೆಗಳಿಗೇ ಹೆಚ್ಚು ಶ್ರಮ ಹಾಕಬೇಕು. ಅವು ಎಲ್ಲಿ ಸಿಗುತ್ತವೆ? ನಿಮ್ಮ ಮಕ್ಕಳ ಹಳೆಯ ಉತ್ತರಪತ್ರಿಕೆಗಳಲ್ಲಿ. ಅವರು ನಿಜವಾಗಿ ಮಾಡುವ ತಪ್ಪುಗಳೇ ಒಳ್ಳೆಯ ತಪ್ಪು ಆಯ್ಕೆಗಳು. ತೊಗರಿಯ ನಾಡಿನ ಸಸ್ಯಶಾಸ್ತ್ರ ತರಗತಿಗೆ ಒಂದು ಮಾದರಿ:

‘ಒಬ್ಬ ರೈತ ಹೊಲದ ಅರ್ಧ ಭಾಗದಲ್ಲಿ ತೊಗರಿ, ಇನ್ನರ್ಧದಲ್ಲಿ ಜೋಳ ಬೆಳೆದ. ಮರುವರ್ಷ ಇಡೀ ಹೊಲಕ್ಕೆ ಜೋಳ ಬಿತ್ತಿದ, ಯೂರಿಯಾ ಹಾಕಲಿಲ್ಲ. ಹಿಂದೆ ತೊಗರಿ ಇದ್ದ ಕಡೆ ಬೆಳೆ ಹುಲುಸಾಗಿ ಬಂತು. ತೊಗರಿ ಇದ್ದಾಗ ಮಣ್ಣಿನ ಸಾರಜನಕ ಹೆಚ್ಚಿದ್ದು ಹೇಗೆ? ಎ) ತೊಗರಿಯ ಎಲೆಗಳು ಗಾಳಿಯ ಸಾರಜನಕವನ್ನು ನೇರವಾಗಿ ಹೀರಿಕೊಂಡು ಬೇರಿಗೆ ಇಳಿಸಿದವು. ಬಿ) ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿದವು. ಸಿ) ತೊಗರಿಯ ಬೇರುಗಳು ಸೂಕ್ಷ್ಮಜೀವಿಗಳ ನೆರವಿಲ್ಲದೆ ತಾವೇ ಸಾರಜನಕವನ್ನು ಸ್ಥಿರೀಕರಿಸಿದವು.’

ಮೂರು ಆಯ್ಕೆಗಳೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ವಾಕ್ಯರಚನೆ. ಎ ಮತ್ತು ಸಿ ಎರಡೂ ಅರ್ಧಂಬರ್ಧ ತಿಳಿದವರು ನಂಬುವ ಮಾತುಗಳು. ಯಾರು ಯಾವುದನ್ನು ಆರಿಸಿದರು ಎಂದು ನೋಡಿದರೆ ಮರುದಿನ ಏನು ಪಾಠ ಮಾಡಬೇಕೆಂಬುದೂ ಗೊತ್ತಾಗುತ್ತದೆ. ಆಯ್ಕೆ ಮೂರೇ ಸಾಕೇ ಎಂದು ಕೇಳಬಹುದು. ಎಂಬತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಮೈಕೆಲ್ ರಾಡ್ರಿಗಸ್ ಎಂಬ ವಿದ್ವಾಂಸರು 2005ರಲ್ಲಿ ಹೇಳಿದ್ದು ಇದನ್ನೇ: ಹೆಚ್ಚಿನ ಸಂದರ್ಭಗಳಲ್ಲಿ ಮೂರು ಆಯ್ಕೆ ಸಾಕು. ಸಾರವಿಲ್ಲದ ನಾಲ್ಕನೆಯದನ್ನು ಹುಡುಕುವ ಹೊತ್ತಿನಲ್ಲಿ ಇನ್ನೊಂದು ಒಳ್ಳೆಯ ಪ್ರಶ್ನೆ ಬರೆಯಬಹುದು. ‘ಮೇಲಿನ ಎಲ್ಲವೂ’ ಎಂಬ ಆಯ್ಕೆಯನ್ನೂ ಬಿಟ್ಟುಬಿಡಿ. ಎರಡು ಸರಿಯೆಂದು ತಿಳಿದವರಿಗೆ ಮೂರನೆಯದನ್ನು ಓದುವ ಅಗತ್ಯವೇ ಇರುವುದಿಲ್ಲ.

ಪರೀಕ್ಷೆ ಮುಗಿದ ಮೇಲಿನ ಎಣಿಕೆಗೆ ಕಂಪ್ಯೂಟರ್ ಕೂಡ ಬೇಡ. 60 ಮಕ್ಕಳ ತರಗತಿಯಲ್ಲಿ ಒಟ್ಟು ಅಂಕದಲ್ಲಿ ಮೇಲಿನ 16 ಮಂದಿಯನ್ನೂ ಕೆಳಗಿನ 16 ಮಂದಿಯನ್ನೂ ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 14 ಮಂದಿ, ಕೆಳಗಿನವರಲ್ಲಿ 6 ಮಂದಿ ಸರಿಯುತ್ತರ ಕೊಟ್ಟಿದ್ದರೆ ವ್ಯತ್ಯಾಸ 8. ಅದನ್ನು 16ರಿಂದ ಭಾಗಿಸಿದರೆ 0.5, ಪ್ರಶ್ನೆ ಚೆನ್ನಾಗಿದೆ. ವ್ಯತ್ಯಾಸ ಸೊನ್ನೆಯ ಹತ್ತಿರವಿದ್ದರೆ ಅದು ಯಾರನ್ನೂ ಅಳೆಯಲಿಲ್ಲ. ಕೆಳಗಿನವರೇ ಹೆಚ್ಚು ಸರಿ ಬರೆದಿದ್ದರೆ ಕೀ ಉತ್ತರವನ್ನೇ ಮತ್ತೊಮ್ಮೆ ನೋಡಿ. ಬಹುಶಃ ಚೆನ್ನಾಗಿ ಓದಿದವರನ್ನೇ ಪ್ರಶ್ನೆ ದಾರಿ ತಪ್ಪಿಸಿದೆ.

ಬಹು ಆಯ್ಕೆ ಪ್ರಶ್ನೆಯಿಂದ ಎಲ್ಲವನ್ನೂ ಅಳೆಯಲು ಬರುವುದಿಲ್ಲ, ಒಪ್ಪುತ್ತೇನೆ. ವಾದ ಕಟ್ಟುವುದು, ಪ್ರಯೋಗ ಮಾಡುವುದು, ನಾಲ್ಕು ಸಾಲು ಸ್ವಂತವಾಗಿ ಬರೆಯುವುದು, ಇವಕ್ಕೆ ಪ್ರಬಂಧರೂಪದ ಉತ್ತರವೇ ಬೇಕು, ಅದು ಉಳಿಯಲೇಬೇಕು. ಆದರೆ 1914ರ ಸುಮಾರಿಗೆ ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಈ ಬಗೆಯ ಪರೀಕ್ಷೆಯನ್ನು ರೂಪಿಸಿದ್ದಕ್ಕೆ ಕಾರಣ, ಒಂದೇ ಉತ್ತರಕ್ಕೆ ಒಬ್ಬೊಬ್ಬ ಶಿಕ್ಷಕರು ಒಂದೊಂದು ಅಂಕ ಕೊಡುತ್ತಿದ್ದುದು. ಯಾರ ಮಗ, ಯಾವ ಊರು, ಅಕ್ಷರ ದುಂಡಗಿದೆಯೇ ಎಂದು ನೋಡದೆ ಅಂಕ ಕೊಡಬೇಕೆಂಬ ಆ ಆಶಯ ನಮಗೂ ಬೇಕಾದದ್ದೇ. ಅದು ನೆರವೇರಬೇಕಾದರೆ ಪ್ರಶ್ನೆಯೂ ಯಾರಿಗೂ ಪಕ್ಷಪಾತ ಮಾಡಬಾರದು.

ನಿಮ್ಮ ಕಷ್ಟವೂ ನಮಗೆ ಗೊತ್ತಿದೆ. ನಮ್ಮ ಕಾಲೇಜುಗಳಲ್ಲಿ ಎಷ್ಟೋ ತರಗತಿಗಳನ್ನು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ. ಒಳ್ಳೆಯ ಪ್ರಶ್ನೆ ಬರೆಯಲು ಹೊತ್ತು ಬೇಕು. ಅದಕ್ಕೇ ಪ್ರಾಚಾರ್ಯರಲ್ಲಿ ಬೇಡಿಕೊಳ್ಳುತ್ತೇನೆ: ಪ್ರಶ್ನೆ ರಚನೆಯನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಿರಿ, ಅದಕ್ಕಾಗಿ ಸೆಮಿಸ್ಟರಿಗೊಂದು ದಿನ ಮೀಸಲಿಡಿ, ಮೂರೂ ತಾಲ್ಲೂಕಿನ ಒಂದೇ ವಿಷಯದ ಅಧ್ಯಾಪಕರನ್ನು ಒಂದೆಡೆ ಕೂರಿಸಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಆ ದಿನಕ್ಕೆ ವಿಷಯ ತಜ್ಞರನ್ನೂ ಕನ್ನಡ ಬಲ್ಲವರನ್ನೂ ಕಳಿಸಿಕೊಡಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಈ ಪ್ರಶ್ನೆಗಳ ಪ್ರತಿ ಇರಲಿ, ಪರೀಕ್ಷೆಗೆ ಕೂರುವ ಯಾವ ಹುಡುಗಿಯೂ ಅಭ್ಯಾಸಕ್ಕಾಗಿ ಕಲಬುರಗಿಯ ಕೋಚಿಂಗ್‌ಗೆ ದುಡ್ಡು ಕಟ್ಟುವಂತಾಗದಿರಲಿ.

ತಾಯಿ-ತಂದೆಯರೇ, ಅಂಕ ಎಷ್ಟು ಬಂತೆಂದು ಮಾತ್ರ ಕೇಳಬೇಡಿ. ಪ್ರಶ್ನೆಪತ್ರಿಕೆ ತೋರಿಸು ಎಂದೂ ಕೇಳಿ, ಓದಿಸಿ ಕೇಳಿಸಿಕೊಳ್ಳಿ. ವಿದ್ಯಾರ್ಥಿಗಳೇ, ‘ಸರ್, ಇಲ್ಲಿ ಎರಡು ಉತ್ತರ ಸರಿ ಆಗ್ತಾವ್ರಿ’ ಎಂದು ಕೈ ಎತ್ತಲು ಹೆದರಬೇಡಿ. ಗುರುಗಳೇ, ಹಾಗೆ ಕೈ ಎತ್ತಿದವರನ್ನು ಗದರಿಸಬೇಡಿ, ಅವರು ನಿಮ್ಮ ಪ್ರಶ್ನೆಯನ್ನು ಎಲ್ಲರಿಗಿಂತ ಗಮನವಿಟ್ಟು ಓದಿದ್ದಾರೆ.

ಒಮ್ಮೆಲೇ ಸಾವಿರ ಪ್ರಶ್ನೆ ಬೇಡ. ಪ್ರತಿ ವಿಭಾಗದಿಂದ ಈ ಸೆಮಿಸ್ಟರಿಗೆ ಹತ್ತು ಪ್ರಶ್ನೆಗಳು ಬರಲಿ. ಕನ್ನಡದಲ್ಲೇ ಹುಟ್ಟಿದ, ಇನ್ನೊಬ್ಬರು ಓದಿ ತಿದ್ದಿದ, ಮಕ್ಕಳ ಉತ್ತರಗಳಲ್ಲಿ ಪರೀಕ್ಷೆಗೊಳಗಾದ ಹತ್ತೇ ಹತ್ತು. ಮುಂದಿನ ವಿಭಾಗ ಸಭೆಯ ಕಾರ್ಯಸೂಚಿಯಲ್ಲಿ ದಯವಿಟ್ಟು ಇದನ್ನು ಮೊದಲ ವಿಷಯವಾಗಿ ಬರೆದುಕೊಳ್ಳಿ.